ಒಳಗೆ ಹೋಗದ ಒಳನೋಟ

ಇಂಗ್ಲಿಷಿನಲ್ಲಿ ‘ಗೇನ್ ಇನ್‌ಸೈಟ್’ ಎಂದು ಬರೆದವರು ಅದರ ಬೆನ್ನಿಗೇ ‘ಇನ್‌ಟು’ ಎಂದು ಬರೆಯಬೇಕು ಎನ್ನುತ್ತಾರೆ ವ್ಯಾಕರಣದ ಮೇಷ್ಟ್ರುಗಳು. ನಮ್ಮ ಆಫೀಸುಗಳಲ್ಲಿ ‘ಇನ್‌ಸೈಟ್ ಆನ್’ ಎಂದೇ ರೂಢಿ. ಅದಕ್ಕೆ ಕೆಂಪು ಗೆರೆ ಎಳೆಯುವವರನ್ನು ಕಂಡರೆ ನನಗೆ ಸಿಟ್ಟು. ವಿಷಯದ ಮೇಲೆ ಮೇಲೆಯೇ ಓಡಾಡಿ ಬಂದವರು ‘ಆನ್’ ಎಂದು ಬರೆಯದೆ ಇನ್ನೇನು ಬರೆಯಬೇಕು? ಕೊನೇಪಕ್ಷ ಪ್ರಾಮಾಣಿಕರು!

ಬೆಂಗಳೂರಿನಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಸೈಟ್ ಎಂದರೆ ಥರ್ಟಿ ಫಾರ್ಟಿ. ಇನ್‌ಸೈಟ್ ಎಂದರೂ ಎ ಖಾತೆಯೋ ಬಿ ಖಾತೆಯೋ ಎಂದು ಕೇಳಿಯಾರು. ಆ ಪ್ರಶ್ನೆಯಲ್ಲಿ ತನಿಖೆಯ ಬುದ್ಧಿಯಾದರೂ ಇದೆ, ಎ.ಸಿ. ರೂಮಿನ ಮೀಟಿಂಗಿನಲ್ಲಿ ಅದೂ ಇಲ್ಲ. ಪರದೆಯ ಮೇಲೆ ‘ಕೀ ಇನ್‌ಸೈಟ್ಸ್’ ಸ್ಲೈಡು ಬೀಳುತ್ತದೆ. ಗ್ರಾಹಕರಿಗೆ ರೇಟು ಕಡಿಮೆಯಿದ್ದರೆ ಖುಷಿ. ಸರ್ವಿಸ್ ಕೆಟ್ಟದಾಗಿದ್ದರೆ ಬೇಜಾರು. ಪಕ್ಕದಲ್ಲೊಂದು ಹಳದಿ ಬಲ್ಬಿನ ಚಿತ್ರ. ಕೆ.ಆರ್. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಅಜ್ಜಿಗೆ ಇಷ್ಟೂ ಬೋಣಿಗೆ ಮುಂಚೆಯೇ ಗೊತ್ತು. ಆಕೆಯ ಹತ್ತಿರ ಬಲ್ಬಿಲ್ಲ, ಅಷ್ಟೆ.

ಇನ್‌ಸೈಟ್ ಎಂದರೇನು ಎಂದು ತೋರಿಸಿಕೊಟ್ಟದ್ದು ಒಂದು ಚಿಂಪಾಂಜಿ. 1910ರ ದಶಕದಲ್ಲಿ ಜರ್ಮನ್ ಮನೋವಿಜ್ಞಾನಿ ವುಲ್ಫ್‌ಗಾಂಗ್ ಕೋಲರ್ ಟೆನೆರಿಫ್ ದ್ವೀಪದಲ್ಲಿ ಸುಲ್ತಾನ್ ಎಂಬ ಚಿಂಪಾಂಜಿಯ ಪಂಜರದಾಚೆ ಹಣ್ಣಿಟ್ಟ. ಒಳಗಿದ್ದದ್ದು ಎರಡು ಬಿದಿರಿನ ಕೋಲು, ಒಂದೂ ಹಣ್ಣಿಗೆ ಎಟಕದು. ಸುಲ್ತಾನ್ ಒದ್ದಾಡಿತು, ಸಾಕಾಗಿ ಬಿಟ್ಟಿತು, ಕೋಲು ಹಿಡಿದು ಆಡುತ್ತಾ ಕೂತಿತು. ಆಡುತ್ತಾ ಆಡುತ್ತಾ ಸಣ್ಣ ಕೋಲನ್ನು ದಪ್ಪ ಕೋಲಿನ ಪೊಳ್ಳಿಗೆ ತೂರಿಸಿ, ಓಡಿ ಹೋಗಿ ಹಣ್ಣೆಳೆದುಕೊಂಡಿತು. ಸ್ಲೈಡು ಮಾಡಲಿಲ್ಲ. ಮಾಡಿದ್ದರೆ ಹಣ್ಣು ಮ್ಯಾನೇಜರರ ಪಾಲಾಗುತ್ತಿತ್ತು.

ಒಳಗೆ ಇಳಿಯುವುದು ಸುಲಭವೆಂದು ನಾನೇನೂ ಹೇಳುತ್ತಿಲ್ಲ. 2018ರಲ್ಲಿ ನಾಸಾದ ನೌಕೆಯೊಂದು ಮಂಗಳನ ಮೇಲಿಳಿಯಿತು, ಹೆಸರೇ ‘ಇನ್‌ಸೈಟ್’. ಅದರ ಕಂಪನಮಾಪಕ 1,300ಕ್ಕೂ ಹೆಚ್ಚು ಕಂಪನಗಳನ್ನು ಹಿಡಿಯಿತು, ಸುಳ್ಳಲ್ಲ. ಆದರೆ ಶಾಖ ಅಳೆಯಲು 5 ಮೀಟರ್ ಕೊರೆದುಕೊಂಡು ಹೋಗಬೇಕಿದ್ದ ಸಲಕರಣೆ, ಸುಮಾರು 40 ಸೆಂ.ಮೀ. ಉದ್ದದ ತನ್ನ ಮೈಯನ್ನು ಹೂತುಕೊಳ್ಳುವಷ್ಟರಲ್ಲೇ ಸುಸ್ತಾಯಿತು. 2021ರ ಜನವರಿಯಲ್ಲಿ, ಇನ್ನು ಇದು ಇಳಿಯುವುದಿಲ್ಲ ಎಂದು ನಾಸಾ ಒಪ್ಪಿಕೊಂಡು ಪ್ರಯತ್ನ ನಿಲ್ಲಿಸಿತು. ನಮ್ಮ ಕಡೆಯಾಗಿದ್ದರೆ ಆ 40 ಸೆಂ.ಮೀ.ಗೇ ‘ಡೀಪ್ ಡೈವ್’ ಎಂದು ಹೆಸರಿಟ್ಟು, ಟೀಮಿಗೆಲ್ಲ ಟೀ ಶರ್ಟ್ ಹಂಚುತ್ತಿದ್ದರು.