ಬಿಚ್ಚುಗತ್ತಿಯ ಕಾವಲು

ದೊಡ್ಡವರು ಬಂದಾಗ ಬಂದೂಕು ಹಿಡಿದು ಸಾಲಾಗಿ ನಿಲ್ಲುವ ಗೌರವಪಡೆಯನ್ನು ಕಂಡಾಗಲೆಲ್ಲ ನನಗೊಂದು ಅನುಮಾನ: ಇವರು ಯಾರನ್ನು ಯಾರಿಂದ ಕಾಯುತ್ತಿದ್ದಾರೆ? ನಿಜವಾದ ಕಾವಲಿನವರು ಸಫಾರಿ ತೊಟ್ಟು, ಕಿವಿಗೆ ವೈರು ಸಿಕ್ಕಿಸಿಕೊಂಡು ಪಕ್ಕದಲ್ಲೇ ಸುಳಿದಾಡುತ್ತಿರುತ್ತಾರೆ. ಸಾಲಿನಲ್ಲಿ ನಿಂತವರ ಕೆಲಸ ಅಲುಗದಿರುವುದು. ಮೂಗಿನ ಮೇಲೆ ನೊಣ ಕೂತರೆ ಅದಾಗಿ ಏಳುವ ತನಕ ಕಾಯಬೇಕು. ಜನವರಿ 26ರಂದು ಮಾಣೆಕ್ ಷಾ ಮೈದಾನದಲ್ಲಿ ರಾಜ್ಯಪಾಲರು ವಂದನೆ ಸ್ವೀಕರಿಸುವಾಗ ನನ್ನ ಕಣ್ಣು ಆ ನೊಣವನ್ನೇ ಹುಡುಕುತ್ತದೆ. ಇನ್ನು ಸಕಲ ಸರ್ಕಾರಿ ಗೌರವದ ಅಂತ್ಯಸಂಸ್ಕಾರದಲ್ಲಿ ಮೂರು ಸುತ್ತು ಹಾರಿಸುವ ಗುಂಡಿನಲ್ಲಿ ಇರುವುದು ಸದ್ದೊಂದೇ. ಬೆದರುವುದು ಮರದ ಕಾಗೆಗಳು ಮಾತ್ರ.

ನಮ್ಮ ಕಾಟನ್‌ಪೇಟೆಗೂ ಒಂದು ಪಡೆ ಬರುತ್ತದೆ. ವರ್ಷಕ್ಕೊಂದೇ ರಾತ್ರಿ, ಚೈತ್ರದ ಹುಣ್ಣಿಮೆಗೆ. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟ ಕರಗ ಇಲ್ಲಿಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬರುವಾಗ ಸುತ್ತಲೂ ವೀರಕುಮಾರರು: ಬರಿಮೈ, ತಲೆಗೆ ಪೇಟ, ಕೈಯಲ್ಲಿ ಬಿಚ್ಚುಗತ್ತಿ, ಬಾಯಲ್ಲಿ ಗೋವಿಂದ. ರಾಕ್ಷಸನನ್ನು ಕೊಲ್ಲಲು ದ್ರೌಪದಿ ಸೃಷ್ಟಿಸಿದ ಸೈನ್ಯವೇ ಇವರೆಂಬುದು ತಿಗಳರ ನಂಬಿಕೆ. ಸರ್ಕಾರಿ ಪಡೆಗೆ ಕವಾಯತು ಮೈದಾನವಿದ್ದರೆ ಇವರಿಗೆ ಪೇಟೆಯ ಗರಡಿಮನೆ. ದೆಹಲಿಯಲ್ಲಿರುವ ರಾಷ್ಟ್ರಪತಿಗಳ ಅಂಗರಕ್ಷಕ ದಳವನ್ನು 1773ರಲ್ಲಿ ವಾರನ್ ಹೇಸ್ಟಿಂಗ್ಸ್ ಕಟ್ಟಿದನೆಂದು ಹೆಮ್ಮೆಯಿಂದ ಹೇಳುತ್ತಾರೆ. ಮಹಾಭಾರತದ ಕಡೆಯವರ ಮುಂದೆ ಅದು ಮೊನ್ನೆ ಮೊನ್ನೆಯ ನೇಮಕಾತಿ.

ಇಷ್ಟಾದರೂ ವೀರಕುಮಾರರು ಅಲುಗದೆ ನಿಲ್ಲುವವರಲ್ಲ. ಕರಗ ಓಡಿದರೆ ಓಡಬೇಕು, ಕುಣಿದರೆ ಕುಣಿಯಬೇಕು. ಅಲಗುಸೇವೆಯಲ್ಲಂತೂ ಕತ್ತಿಯನ್ನು ತಮ್ಮ ಎದೆಗೇ ತಾಗಿಸಿಕೊಳ್ಳುತ್ತಾರೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಅವರ ಇನ್ನೊಂದು ಕರ್ತವ್ಯ. ಕರಗ ತಲೆಯಿಂದ ಜಾರಿದರೆ, ಹೊತ್ತವರ ಮೇಲೇ ಆ ಕತ್ತಿ ತಿರುಗಬೇಕೆಂಬ ಪ್ರತೀತಿಯಿದೆ. ಕಾಯುವವರೂ ಅವರೇ, ಲೆಕ್ಕ ಕೇಳುವವರೂ ಅವರೇ. ವಿಧಾನಸೌಧದ ಮುಂದಿನ ಗೌರವಪಡೆಗೂ ಇಂಥದೊಂದು ಅಧಿಕಾರ ಕೊಟ್ಟಿದ್ದರೆ, ಪ್ರಮಾಣವಚನಕ್ಕೆಂದು ಜರಿಯಂಚಿನ ಪಂಚೆ ಕೊಳ್ಳುವವರು ಕೊಂಚ ಯೋಚಿಸುತ್ತಿದ್ದರು. ಪಂಚೆ ಅಂಗಡಿಯವರು ಮುನಿಸಿಕೊಳ್ಳಲಿ, ನನ್ನ ಮತ ಮಾತ್ರ ಅದಕ್ಕೇ.

ಹಗಲಾದರೆ ಈ ಸೈನಿಕರನ್ನು ಗುರುತು ಹಿಡಿಯುವುದು ಕಷ್ಟ. ಕತ್ತಿ ಇಟ್ಟವರು ತಂತಮ್ಮ ಅಂಗಡಿ, ಆಫೀಸುಗಳಿಗೆ ನಡೆಯುತ್ತಾರೆ. ಪಿಂಚಣಿಯ ತಗಾದೆಯೂ ಇಲ್ಲ.

ಮುಂದಿನ ಚೈತ್ರಕ್ಕೆ ನೀವೂ ಬನ್ನಿ. ಎಷ್ಟು ಗಂಟೆಗೆ ಎಂದು ಮಾತ್ರ ಕೇಳಬೇಡಿ. ಕರಗ ಗುಡಿ ಬಿಡುವುದೇ ನಡುರಾತ್ರಿ ದಾಟಿ. ಸೆಲ್ಫಿಗಾಗಿ ಸಾಲಿನೊಳಗೆ ತಲೆ ತೂರಿಸಲೂ ಬೇಡಿ, ಆ ಕತ್ತಿಗಳು ನಿಜವಾದವು.