ಬುಗುರಿಯ ಹೊಟ್ಟೆ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗಾದೆ ಕಟ್ಟಿದ ಹಿರಿಯರು ಆಕೆಯ ಕಾಲು ನೋಡಿದರೇ ಹೊರತು ನೆಲಕ್ಕೆ ರಸಮಟ್ಟ ಇಟ್ಟು ನೋಡಲಿಲ್ಲ. ನನಗೆ ಈ ಅನುಮಾನ ಹತ್ತಿಸಿದವನು ಅಮೆರಿಕದ ಹೊವಾರ್ಡ್ ಹೆಡ್ ಎಂಬ ಎಂಜಿನಿಯರು.

ಈತ ವಿಮಾನ ಕಾರ್ಖಾನೆಯಲ್ಲಿದ್ದವನು. ಹಿಮದ ಮೇಲೆ ಜಾರಲು ಹೋಗಿ ಒದ್ದಾಡಿದಾಗ ತಪ್ಪು ತನ್ನದಲ್ಲ, ಕಾಲಿಗೆ ಕಟ್ಟಿದ ಮರದ ಸ್ಕೀಯದು ಎಂದು ತೀರ್ಮಾನಿಸಿದ. ಲೋಹದ ಸ್ಕೀ ಮಾಡಿ ಮಾರಿ ಸಾಹುಕಾರನಾದ. ಐವತ್ತು ದಾಟಿ, ಕಂಪನಿ ಮಾರಿ, ಆರಾಮಾಗಿ ಟೆನಿಸ್ ಕಲಿಯೋಣವೆಂದು ಹೊರಟ. ಒಲಿಯಲಿಲ್ಲ. ಪ್ರಿನ್ಸ್ ಎಂಬ ಕಂಪನಿಯ ಚೆಂಡೆಸೆಯುವ ಯಂತ್ರ ತರಿಸಿದ. ಯಂತ್ರವೇ ಸರಿಯಿಲ್ಲವೆಂದು ಅದನ್ನು ತಿದ್ದಿದ, ಕೊನೆಗೆ ಆ ಕಂಪನಿಯೊಳಕ್ಕೇ ಹೊಕ್ಕ. ಆದರೂ ಚೆಂಡು ಹೋಗಬೇಕಾದಲ್ಲಿಗೆ ಹೋಗಲೊಲ್ಲದು. ದೂರಲು ಇನ್ನು ಉಳಿದದ್ದು ರಾಕೆಟ್ ಒಂದೇ.

ಮಜವೆಂದರೆ, ಈ ಸಲವೂ ನೆಲ ನಿಜಕ್ಕೂ ಡೊಂಕಾಗಿತ್ತು.

ಹಿಡಿಯಿಂದ ತುದಿಯವರೆಗೆ ರಾಕೆಟ್ಟಿನ ನಟ್ಟನಡುವೆ ಒಂದು ಗೆರೆ ಇದೆಯೆಂದುಕೊಳ್ಳಿ. ಚೆಂಡು ಆ ಗೆರೆಯ ಮೇಲೆ ಬಿದ್ದರೆ ಸೈ. ಎರಡು ಬೆರಳಿನಷ್ಟು ಪಕ್ಕಕ್ಕೆ ಬಿತ್ತೋ, ರಾಕೆಟ್ ಮುಷ್ಟಿಯೊಳಗೇ ತಿರುಚಿಕೊಳ್ಳುತ್ತದೆ, ಚೆಂಡು ಪಕ್ಕದ ಕೋರ್ಟಿನವರ ಕಾಲಿಗೆ ಬೀಳುತ್ತದೆ. ಹಿಡಿ ಬಿಗಿಮಾಡು ಎಂದು ಕೋಚ್‌ಗಳು ಬೈಯುತ್ತಾರೆ. ಆದರೆ ಚೆಂಡು ತಂತಿಯ ಮೇಲೆ ಇರುವುದೇ ಸೆಕೆಂಡಿನ ಇನ್ನೂರನೇ ಒಂದು ಪಾಲು. ತಿರುಚಿದ ಸುದ್ದಿ ಕೈಯಿಂದ ತಲೆಗೆ ಮುಟ್ಟುವಷ್ಟರಲ್ಲಿ ಚೆಂಡು ಬೇಲಿ ಹಾರಿರುತ್ತದೆ.

ಇದಕ್ಕೆ ಹೆಡ್ ಕಂಡುಕೊಂಡ ಉಪಾಯ ನಮ್ಮ ಚನ್ನಪಟ್ಟಣದಲ್ಲಿ ಬುಗುರಿ ಮಾಡುವವರಿಗೆ ಹೊಸದಲ್ಲ. ಕಲಾನಗರದಲ್ಲಿ ಲೇತಿನ ಮುಂದೆ ಕೂತವರನ್ನು ನೋಡಿ. ಒಣಗಿಸಿದ ಆಲೆಮರದ ತುಂಡು ಗಿರಗಿರ ತಿರುಗುತ್ತಿರುತ್ತದೆ. ಉಳಿ ತಾಗಿಸಿದರೆ ಬಿಳಿ ಸಿಪ್ಪೆ ಸುರುಳಿ ಸುರುಳಿಯಾಗಿ ಮಡಿಲಿಗೆ ಬೀಳುತ್ತದೆ. ಆಕಾರ ಬಂದ ಮೇಲೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಆಮೇಲೆ ಕೇದಗೆಯ ಎಲೆ ಒತ್ತಿದರೆ ಮುಖ ಕಾಣುವಂಥ ಹೊಳಪು. ಅಲ್ಲೇ ಮಾಡಿಟ್ಟ ಎರಡು ಬುಗುರಿ ಎತ್ತಿಕೊಳ್ಳಿ. ತೂಕ ಒಂದೇ, ಒಂದು ಸಣಕಲು, ಇನ್ನೊಂದಕ್ಕೆ ತಟ್ಟೆಯಂಥ ಅಗಲ ಹೊಟ್ಟೆ. ಸಣಕಲನ್ನು ಬೆರಳಲ್ಲಿ ಹೊಸೆದು ಬಿಟ್ಟರೆ ಚುರುಕಾಗಿ ಸುತ್ತಿ ಬೇಗ ಒರಗುತ್ತದೆ. ಹೊಟ್ಟೆಯದನ್ನು ತಿರುಗಿಸಲು ಬೆರಳಿಗೆ ತುಸು ಹೆಚ್ಚು ಕೆಲಸ, ಆದರೆ ತಿರುಗಿತೆಂದರೆ ನಿಲ್ಲಿಸುವುದೂ ಅಷ್ಟೇ ಕಷ್ಟ. ಭಾರ ನಡುಗೆರೆಯಿಂದ ದೂರವಾದಷ್ಟೂ ಮೊಂಡುತನ ಹೆಚ್ಚು, ಅದೂ ದೂರದ ವರ್ಗದ ಲೆಕ್ಕದಲ್ಲಿ. ರಾಕೆಟ್ಟಿನ ಭಾರ ಅಷ್ಟೇ ಇಟ್ಟು ತಲೆಯ ಅಗಲವನ್ನು ಒಂದೂಕಾಲು ಪಟ್ಟು ಮಾಡಿದರೆ ಅದರ ಮೊಂಡುತನ ಒಂದೂವರೆ ಪಟ್ಟನ್ನೂ ದಾಟುತ್ತದೆ. ತಿರುಚುವ ಚೆಂಡಿಗೆ ಅದು ಜಗ್ಗುವುದಿಲ್ಲ.

ಹೆಡ್ ಮಾಡಿದ್ದು ಇಷ್ಟೇ, ರಾಕೆಟ್ಟಿಗೆ ಹೊಟ್ಟೆ ಬರಿಸಿದ. ಆಗಿನ ರಾಕೆಟ್ಟುಗಳ ಮುಖ ಸುಮಾರು 70 ಚದರ ಇಂಚು, ಇವನದು 110. ಮರದ ಬಳೆ ಅಷ್ಟಗಲವಾದರೆ ತಂತಿಗಳ ಎಳೆತ ತಾಳದೆಂದು ಅಲ್ಯೂಮಿನಿಯಂ ಬಳಸಿದ. 1976ರಲ್ಲಿ ಪೇಟೆಂಟ್ ಸಿಕ್ಕಿತು. ರಾಕೆಟ್ ಇಷ್ಟೇ ದೊಡ್ಡದಿರಬೇಕೆಂಬ ನಿಯಮವೇ ಆಗ ಟೆನಿಸ್ಸಿನಲ್ಲಿ ಇರಲಿಲ್ಲ! ಮೊದಮೊದಲು ಜನ ಕಂಡು ನಕ್ಕರು. 1978ರಲ್ಲಿ ಹದಿನಾರರ ಹುಡುಗಿ ಪ್ಯಾಮ್ ಶ್ರೈವರ್ ಅದನ್ನೇ ಹಿಡಿದು ನವ್ರಾಟಿಲೋವಾರನ್ನು ಸೋಲಿಸಿ ಅಮೆರಿಕನ್ ಓಪನ್ ಫೈನಲ್ಲಿಗೆ ನಡೆದಾಗ ನಗುವವರು ಕಮ್ಮಿಯಾದರು.

ನಿಯಮ ಬಂದದ್ದು ಇನ್ನೊಂದು ಕಿತಾಪತಿಯಿಂದ. ಜರ್ಮನಿಯವನೊಬ್ಬ ಎರಡು ಪದರ ತಂತಿ ಹೆಣೆದು ‘ಸ್ಪಗೆಟಿ’ ರಾಕೆಟ್ ಮಾಡಿದ್ದ. 1977ರ ಅಕ್ಟೋಬರಿನಲ್ಲಿ ನಸ್ತಾಸೆ ಅದನ್ನು ಹಿಡಿದು ಬಂದಾಗ, ಮಣ್ಣಿನಂಕಣದಲ್ಲಿ ಸೋಲೇ ಕಾಣದೆ ಗೆಲ್ಲುತ್ತಿದ್ದ ವಿಲಾಸ್ ಎರಡು ಸೆಟ್ ಆಡಿ ಸಿಟ್ಟಿನಿಂದ ಎದ್ದುಹೋದ. ಮರುವರ್ಷ ರಾಕೆಟ್ ಎಂದರೇನೆಂದು ಬರೆದಿಡಬೇಕಾಯಿತು. ಇವತ್ತಿಗೆ ಅದರ ಹೊರ ಅಗಲ 31.7 ಸೆಂ.ಮೀ., ಉದ್ದ 73.7 ಸೆಂ.ಮೀ. ಮೀರುವಂತಿಲ್ಲ. ಇಲ್ಲದಿದ್ದರೆ ಇಷ್ಟರಲ್ಲಿ ಜನ ಮೊರ ಹಿಡಿದು ಆಡುತ್ತಿದ್ದರೇನೋ.

ನಡುಗೆರೆ ತಪ್ಪುವುದು ಕಲಿಯುವವರ ಪಾಡು ಮಾತ್ರವಲ್ಲ. 90 ಚದರ ಇಂಚಿನ ರಾಕೆಟ್ಟಿನಲ್ಲೇ ಜಗತ್ತು ಗೆದ್ದ ಫೆಡರರ್ ಕೂಡ, ಚೆಂಡು ಮೇಲಿಂದ ಮೇಲೆ ಅಂಚಿಗೆ ಬಡಿಯತೊಡಗಿದಾಗ, 2014ರಲ್ಲಿ 97ಕ್ಕೆ ಬದಲಾಯಿಸಿಕೊಂಡರು. ಫೆಡರರಿಗೇ ನೆಲ ಡೊಂಕೆನಿಸಿದ ಮೇಲೆ ನಮ್ಮ ಭಾವನನ್ನು ಯಾಕೆ ಹಂಗಿಸಬೇಕು?

ಅಕ್ಕನ ಗಂಡ ಬೆಂಗಳೂರಿನಲ್ಲಿ ನಿವೃತ್ತಿಯಾದ ಮೇಲೆ ಟೆನಿಸ್ ಹಿಡಿದವರು. ವಯಸ್ಸಿನ ಮಾತೆತ್ತಿದರೆ 43ಕ್ಕೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದ ನಮ್ಮ ಕೊಡಗಿನ ಬೋಪಣ್ಣನನ್ನು ತೋರಿಸುತ್ತಾರೆ. ಅದೂ ಸಾಲದಿದ್ದರೆ, ನಮ್ಮ ಚನ್ನಪಟ್ಟಣದ ಹೆದ್ದಾರಿಯಲ್ಲೇ ಮುಂದೆ ಮದ್ದೂರಿನ ಸೋಮನಹಳ್ಳಿಯಿಂದ ಹೊರಟು ಮುಖ್ಯಮಂತ್ರಿಯಾದ ಎಸ್.ಎಂ. ಕೃಷ್ಣ ಅವರ ಟೆನಿಸ್ ಹುಚ್ಚನ್ನು ಎತ್ತುತ್ತಾರೆ. ಹೊಟ್ಟೆಯಿರುವ ರಾಕೆಟ್ ಕೊಂಡಾಯಿತು. ಗಡಿಯಾರದ ಮೂರು, ಒಂಬತ್ತು ಬರುವ ಜಾಗದಲ್ಲಿ ಸೀಸದ ಪಟ್ಟಿ ಅಂಟಿಸಿದ್ದಾಯಿತು; ಶಾಸ್ತ್ರಪ್ರಕಾರ ಅದೂ ಸರಿಯೇ, ಭಾರ ಅಂಚಿಗೆ ಹೋಗುತ್ತದೆ. ಏನು ಮಾಡೋಣ, ಭಾವ ನಿಂತ ಜಾಗ ಬಿಟ್ಟು ಕದಲುವವರಲ್ಲ, ಚೆಂಡೇ ತಮ್ಮನ್ನು ಹುಡುಕಿಕೊಂಡು ಬರಬೇಕೆನ್ನುವ ಪೈಕಿ. ಕೈ ಚಾಚಿ ಅಂಚಿನಲ್ಲಿ ಹೊಡೆಯುವವರಿಗೆ ಎಷ್ಟಗಲ ಕೊಟ್ಟರೂ ಅಂಚು ಅಂಚೇ.

ಹೋದ ದಸರೆಗೆ ಊರಿಗೆ ಬಂದವರು ಗೊಂಬೆ ಕೊಳ್ಳುವ ನೆಪದಲ್ಲಿ ಲೇತಿನ ಮುಂದೆ ನಿಂತು ಕೇಳಿಯೇಬಿಟ್ಟರು: “ಆಲೆಮರದಲ್ಲಿ ಒಂದು ಟೆನಿಸ್ ಬ್ಯಾಟ್ ಮಾಡಿಕೊಡ್ತೀರಾ? ಅಗಲ ನಾನು ಹೇಳ್ತೀನಿ.”

ಉಳಿ ಹಿಡಿದಿದ್ದವರು ತಲೆಯೆತ್ತಿ ಭಾವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. “ಲೇತಲ್ಲಿ ಬರೋದು ಗುಂಡಗಿರೋ ಸಾಮಾನು ಸಾರ್. ಬ್ಯಾಟನ್ನ ಬಳೆ ಥರ ಬಗ್ಗಿಸ್ಬೇಕು, ಅದು ನಮ್ ಕೆಲಸ ಅಲ್ಲ.” ಪಕ್ಕದ ಬುಟ್ಟಿಗೆ ಕೈಹಾಕಿ, ಕೆಂಪು ಹಳದಿ ಅರಗು ಬಳಿದ ಎರಡು ಹಿಡಿಗಳನ್ನೆತ್ತಿದರು. “ಸ್ಕಿಪ್ಪಿಂಗ್ ಹಗ್ಗ ಇದೆ, ತಗೊಂಡೋಗಿ. ಟೆನಿಸ್‌ನೋರಿಗೆ ಕಾಲು ಚುರುಕಾಗುತ್ತಂತೆ.”