ಪರದೆಗೆ ಪಕ್ಕವಾದ್ಯ

ಕಛೇರಿಯಲ್ಲಿ ಪಿಟೀಲಿನವರ ಪಾಡು ನೋಡಿದ್ದೀರಲ್ಲ. ವಿದ್ವಾಂಸರು ಯಾವ ಸಂದಿಗೆ ನುಗ್ಗಿದರೂ ಇವರೂ ಹಿಂದೆಯೇ ನುಗ್ಗಬೇಕು. ಆದರೂ ಅವರಿಗೊಂದು ಸಮಾಧಾನವಿದೆ. ವಿದ್ವಾಂಸರು ನಡುನಡುವೆ ಇತ್ತ ವಾಲಿ ‘ಭೇಷ್’ ಅನ್ನುತ್ತಾರೆ, ತಂತಿ ಹರಿದರೆ ಕಾಯುತ್ತಾರೆ. ಮೂಕಿಚಿತ್ರದ ಮುಂದೆ ಒಬ್ಬನೇ ಕೂತು, ಆ ಕ್ಷಣಕ್ಕೆ ತೋಚಿದ್ದನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸುವವನಿಗೆ ಈ ಭಾಗ್ಯವಿಲ್ಲ. ಪರದೆಗೆ ತಲೆದೂಗಲು ತಲೆಯೇ ಇಲ್ಲ.

ಮೆಲ್ಬರ್ನಿನಲ್ಲಿ ಒಮ್ಮೆ ಇಂಥದಕ್ಕೆ ಹೋಗಿದ್ದೆವು. ದೀಪ ಆರಿತು, ಗಿಟಾರು ‘ಗುಂಯ್’ ಅಂದಿತು. ಪಕ್ಕದಲ್ಲಿದ್ದ ಮೈಸೂರಿನ ಸ್ನೇಹಿತರು ನನ್ನ ಕಿವಿಯಲ್ಲಿ, “ಶ್ರುತಿ ಮಾಡ್ಕೋತಿದಾನೋ, ಶುರು ಮಾಡ್ಬಿಟ್ನೋ?” ಎಂದರು. ಹತ್ತು ನಿಮಿಷವಾದರೂ ಇಬ್ಬರಿಗೂ ತೀರ್ಮಾನವಾಗಲಿಲ್ಲ.

ಅವನ ಕೈಗಿಂತ ಕಾಲಿಗೇ ಹೆಚ್ಚು ಕೆಲಸ. ನೆಲದ ಮೇಲೆ ಸಾಲಾಗಿ ಪೆಡಲುಗಳು. ಲೂಪರ್ ಒತ್ತಿದರೆ ಈಗತಾನೆ ನುಡಿಸಿದ ತುಣುಕು ಸುತ್ತುತ್ತಲೇ ಇರುತ್ತದೆ. ಅದನ್ನೇ ತಂಬೂರಿ ಮಾಡಿಕೊಂಡು ಮೇಲೆ ಆಲಾಪನೆ. ಅಪಾಯವೂ ಅಲ್ಲೇ. ಪರದೆಯಲ್ಲಿ ಮದುವೆ ಮುಗಿದು ಹೆಣ ಎತ್ತುವ ಹೊತ್ತಾದರೂ, ಕಾಲು ತಡವಾದರೆ ಲೂಪರ್ ಇನ್ನೂ ಮದುವೆಮನೆಯಲ್ಲೇ ಇರುತ್ತದೆ.

ಪರದೆಯ ಪಕ್ಕದಲ್ಲಿ ಕೂತು ಸದ್ದು ಹೊಂದಿಸುವುದು ಮೆಲ್ಬರ್ನಿಗೇನೂ ಹೊಸದಲ್ಲ ಅನ್ನಿ. 1906ರ ಡಿಸೆಂಬರ್ 26ರಂದು ಇಲ್ಲಿನ ಅಥೀನಿಯಂ ಹಾಲ್‌ನಲ್ಲಿ ‘ದಿ ಸ್ಟೋರಿ ಆಫ್ ದಿ ಕೆಲ್ಲಿ ಗ್ಯಾಂಗ್’ ತೆರೆ ಕಂಡಿತು. ಗಂಟೆ ಮೀರಿದ ಈ ದರೋಡೆಕೋರರ ಕಥೆಯನ್ನು ಜಗತ್ತಿನ ಮೊದಲ ಪೂರ್ಣಪ್ರಮಾಣದ ಕಥಾಚಿತ್ರ ಎನ್ನುತ್ತಾರೆ. ಆಗ ಕುದುರೆ ಓಡಿದರೆ ತೆಂಗಿನ ಚಿಪ್ಪು ಬಡಿಯುತ್ತಿದ್ದರು, ಗುಂಡಿಗೆ ಖಾಲಿ ತೋಟಾ ಸಿಡಿಸುತ್ತಿದ್ದರು. ಚಿಪ್ಪಿಗೆ ಇಷ್ಟು ಗೌರವದ ಉದ್ಯೋಗ ನಮ್ಮ ತಿಪಟೂರಿನಲ್ಲೂ ಸಿಕ್ಕಿರಲಾರದು. ಆ ಚಿತ್ರದಲ್ಲಿ ಈಗ ಉಳಿದಿರುವುದು ಸುಮಾರು 17 ನಿಮಿಷ.

ಸಿಡ್ನಿಯವರದು ದೊಡ್ಡ ಕೈ. 1929ರಲ್ಲಿ ತೆರೆದ ಸ್ಟೇಟ್ ಥಿಯೇಟರಿಗೆ ವುರ್ಲಿಟ್ಜರ್ ಆರ್ಗನ್ನನ್ನೇ ತರಿಸಿದರು. ಅಷ್ಟರಲ್ಲಿ ಸಿನಿಮಾಕ್ಕೇ ಬಾಯಿ ಬಂದಿತ್ತು.

ಮಾತಿನ ಚಿತ್ರಕ್ಕೂ ಹೀಗೆ ನುಡಿಸಿದವರಿದ್ದಾರೆ. ಜಿಮ್ ಜಾರ್ಮುಶ್‌ರ ‘ಡೆಡ್ ಮ್ಯಾನ್’ (1995) ನೋಡುನೋಡುತ್ತಲೇ ನೀಲ್ ಯಂಗ್ ಗಿಟಾರ್ ಹಿಡಿದು ಹಿನ್ನೆಲೆ ಕಟ್ಟಿದರು. ಒಂದು ಸ್ವರ ಮೀಟಿದರೆ ಅದು ತಾನಾಗಿ ಆರುವವರೆಗೂ ಅವರಿಗೆ ಅವಸರವಿಲ್ಲ. ನಮ್ಮ ಮೆಲ್ಬರ್ನಿನವನಿಗೆ ಆ ತಾಳ್ಮೆ ಕಡಿಮೆ. ಪರದೆಯಲ್ಲಿ ಬಾಗಿಲು ತೆರೆದರೂ ರಾಗ, ಮುಚ್ಚಿದರೂ ರಾಗ.

ಮನೆಗೆ ಬರುವಾಗ ಟ್ರಾಮಿನಲ್ಲಿ ಮಾತು ಕನ್ನಡದ ‘ಸಂಸ್ಕಾರ’ ಚಿತ್ರಕ್ಕೆ (1970) ತಿರುಗಿತು. ಅದಕ್ಕೆ ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯದವರು. ಸಂಗೀತ ಸರೋದಿನ ರಾಜೀವ ತಾರಾನಾಥರದು. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರ ಮಗ ಕೋನಾರ್ಕ್ ಮುಂದೆ ಹಿಡಿದದ್ದು ಗಿಟಾರನ್ನೇ. “ನಂಟು ಹುಡುಕಿದ್ರೆ ಎಲ್ಲಿದ್ರೂ ಸಿಗುತ್ತೆ ಬಿಡಿ,” ಎಂದರು ಸ್ನೇಹಿತರು.

ಇಷ್ಟೆಲ್ಲ ದೂರಿದರೂ ಒಂದನ್ನು ಹೇಳಲೇಬೇಕು. ಪರದೆಯಲ್ಲಿ ನಾಯಕಿ ಕಾಗದ ಓದುವಾಗ ನಮ್ಮ ಮೆಲ್ಬರ್ನಿನ ಗಿಟಾರಿನವನು ಅಂಗೈಯಿಂದ ಆರೂ ತಂತಿ ಅದುಮಿ ಸುಮ್ಮನೆ ಕೂತ. ಅಂದಿನ ಉತ್ತಮ ವಾದನ ಅದೇ. ನಿಮ್ಮೂರಿನಲ್ಲೂ ಇಂಥದೊಂದು ನಡೆದರೆ ತಪ್ಪಿಸಬೇಡಿ. ಆಂಪ್ಲಿಫೈಯರಿಗೆ ಮಾತ್ರ ತುಸು ದೂರ ಕೂರಿ.